ಬಾಣಂತನ ಮುಗಿಯುವವರೆಗೆ ಕಾಯಬೇಡಿ

ಪ್ರಶ್ನೆ: ಮಗಳಿಗೆ 32ನೇ ವಾರಕ್ಕೇ ಹೆರಿಗೆಯಾಯಿತು. ಮಗು 1,700 ಗ್ರಾಂ ಇತ್ತು. ಎನ್‌ಐಸಿಯುನಲ್ಲಿ ಹತ್ತು ದಿನ ಆಕ್ಸಿಜನ್ ಕೊಟ್ಟರು, ನಂಜಾಗಿದೆಯೆಂದು ಇಂಜೆಕ್ಷನ್ ಹಾಕಿದರು. ಈಗ 24 ದಿನದ ಕೂಸು, ಬಾಣಂತನಕ್ಕೆ ನಮ್ಮಲ್ಲಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆ ಎಂದು ಬರೆದಿದ್ದಾರೆ. ಮಗು ಚೆನ್ನಾಗಿಯೇ ಕಣ್ಣು ಬಿಡುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಹೋದರೆ ಆಗದೇ? ಆಕ್ಸಿಜನ್‌ನಿಂದ ಕಣ್ಣು ಹೋಗುತ್ತದಂತೆ, ನಿಜವೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಆಗದು ತಾಯಿ. ಮೊದಲ ಪರೀಕ್ಷೆ 30 ದಿನದೊಳಗೆ ಆಗಲೇಬೇಕು. ನಿಮಗೆ ಉಳಿದಿರುವುದು ಈ ವಾರ ಮಾತ್ರ. 28 ವಾರಕ್ಕಿಂತ ಮೊದಲೇ ಹುಟ್ಟಿದ ಕೂಸುಗಳಿಗಾದರೆ ಎರಡು ಮೂರು ವಾರಕ್ಕೇ ನೋಡುತ್ತೇವೆ. ಈ ಪರೀಕ್ಷೆಯಲ್ಲಿ ಹುಡುಕುವುದು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಬರುವ ಕಣ್ಣಿನ ಕಾಯಿಲೆಯನ್ನು; ಅದಕ್ಕೆ ಆರ್‌ಓಪಿ ಎನ್ನುತ್ತೇವೆ. ಇದು ಇರುವುದು ಕಣ್ಣಿನ ಹಿಂಭಾಗದ ರೆಟಿನಾದಲ್ಲಿ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಕಪ್ಪು ಗುಡ್ಡೆಯೊಳಗೆ ಬಿಳಿ ಕಾಣುವ ಹೊತ್ತಿಗೆ ದೃಷ್ಟಿ ಬಹುತೇಕ ಕೈಬಿಟ್ಟಿರುತ್ತದೆ.

ಆಕ್ಸಿಜನ್ ವಿಷಯ ಅರ್ಧ ನಿಜ. ರೆಟಿನಾದ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯಲು ಒಂಬತ್ತು ತಿಂಗಳೂ ಬೇಕು. ಮೊದಲೇ ಹುಟ್ಟಿದ ಕೂಸಿಗೆ ಆಕ್ಸಿಜನ್ ಹೆಚ್ಚಾದರೆ ಆ ಬೆಳವಣಿಗೆ ನಿಂತುಬಿಡುತ್ತದೆ. ಕೆಲವು ವಾರಗಳ ನಂತರ ಅಡ್ಡಾದಿಡ್ಡಿ ನಾಳಗಳು ಹುಟ್ಟಿ, ಒಸರಿ, ರೆಟಿನಾವನ್ನೇ ಎಳೆದು ಕೀಳುತ್ತವೆ. 1951ರಲ್ಲಿ ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಈ ನಂಟನ್ನು ತೋರಿಸಿದರು. ಆಮೇಲೆ ಆಕ್ಸಿಜನ್ನನ್ನು ತೀರಾ ಬಿಗಿಹಿಡಿದಾಗ ಕುರುಡುತನ ಇಳಿಯಿತು, ಆದರೆ ಉಸಿರಿಲ್ಲದೆ ಸಾಯುವ ಕೂಸುಗಳು ಹೆಚ್ಚಾದವು. ಹಾಗಾಗಿ ಕೊಟ್ಟದ್ದಕ್ಕೆ ಆಸ್ಪತ್ರೆಯವರನ್ನು ಬೈಯಬೇಡಿ. ಅಳತೆ ಮೀರದಂತೆ ಕೊಡುವುದೇ ಜಾಣತನ.

ನನ್ನ ಮಟ್ಟಿಗೆ ಆಕ್ಸಿಜನ್‌ಗಿಂತ ಮೊದಲು ಕೇಳಬೇಕಾದ್ದು ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟು ಎಂದು. ಇವೆರಡು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಅದರ ಮೇಲೆ ನಂಜು, ಉಸಿರಾಟದ ತೊಂದರೆ, ರಕ್ತ ಹಾಕಿಸಿದ್ದು, ಹುಟ್ಟಿದ ಮೇಲೂ ತೂಕ ಏರದಿರುವುದು. ಅಮೆರಿಕದಲ್ಲಿ ಸಾಮಾನ್ಯವಾಗಿ 1,500 ಗ್ರಾಂ ಅಥವಾ 30 ವಾರದೊಳಗಿನವರನ್ನು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಅದಕ್ಕಿಂತ ದಪ್ಪ ಮಕ್ಕಳಿಗೂ ಬರುತ್ತದೆ. ಅದಕ್ಕೇ 2,000 ಗ್ರಾಂಗಿಂತ ಕಡಿಮೆ ಅಥವಾ 34 ವಾರದೊಳಗೆ ಹುಟ್ಟಿದ ಎಲ್ಲರನ್ನೂ ನೋಡಬೇಕೆಂಬ ನಿಯಮ. 34ರಿಂದ 36 ವಾರದವರಿಗೆ ಈ ತೊಂದರೆಗಳಿದ್ದರೆ ಅವರನ್ನೂ ಬಿಡುವಂತಿಲ್ಲ.

ಪರೀಕ್ಷೆಗೆ ಹೆದರಬೇಡಿ. ಹನಿ ಹಾಕಿ ಪಾಪೆ ಅಗಲಿಸಿ, ರೆಪ್ಪೆಗೆ ಪುಟ್ಟ ಕ್ಲಿಪ್ ಇಟ್ಟು ನೋಡುತ್ತಾರೆ. ಕೂಸು ಜೋರಾಗಿ ಅಳುತ್ತದೆ, ಕೆಲವೇ ನಿಮಿಷ. ವಾಂತಿಯಾಗದಿರಲಿ ಎಂದು ಒಂದು ಗಂಟೆ ಮೊದಲು ಹಾಲು ಕೊಡಬೇಡಿ. ಎಲ್ಲ ಕಣ್ಣಿನ ವೈದ್ಯರೂ ಇದನ್ನು ಮಾಡುವುದಿಲ್ಲ, ಆರ್‌ಓಪಿ ನೋಡುವವರನ್ನೇ ಕೇಳಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ‘ಕಿಡ್‌ರಾಪ್’ ತಂಡ 2008ರಿಂದ ಜಿಲ್ಲೆಗಳ ಎನ್‌ಐಸಿಯುಗಳಿಗೇ ಕ್ಯಾಮೆರಾ ಒಯ್ದು ಪರೀಕ್ಷಿಸುತ್ತಿದೆ. ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ ನೋಡಿ.

ಒಮ್ಮೆ ನೋಡಿ ‘ಏನಿಲ್ಲ’ ಎಂದರೂ ಮುಗಿಯಿತೆಂದು ತಿಳಿಯಬೇಡಿ. ನಾಳ ಅಂಚು ಮುಟ್ಟುವವರೆಗೆ ವಾರಕ್ಕೋ ಎರಡು ವಾರಕ್ಕೋ ಮತ್ತೆ ತೋರಿಸಬೇಕು. ಲೇಸರ್ ಅಥವಾ ಇಂಜೆಕ್ಷನ್ ಬೇಕೆಂದರೆ ಎರಡು ಮೂರು ದಿನದೊಳಗೆ ಮಾಡಿಸಿಬಿಡಿ. ಡಿಸ್ಚಾರ್ಜ್ ಚೀಟಿ ಅಳಿಯಂದಿರ ಬಳಿ ಉಳಿದಿದ್ದರೆ ಇವತ್ತೇ ತರಿಸಿಕೊಳ್ಳಿ.