ಬಣ್ಣ ಹಾಕದ ಬಟ್ಟೆ: ಹಾಸು, ಹೊಕ್ಕು, ಕುಣಿಕೆ

‘ಹಾಸುಹೊಕ್ಕು’ ಅನ್ನೋ ಪದ ಮಗ್ಗದಿಂದ ಬಂದದ್ದು. ಉದ್ದಕ್ಕೆ ಬಿಗಿದು ಕಟ್ಟಿದ ಎಳೆ ಹಾಸು; ಅದರ ಮೇಲೆ ಕೆಳಗೆ ನುಸುಳಿ ಅಡ್ಡಲಾಗಿ ಹೋಗೋ ಎಳೆ ಹೊಕ್ಕು. ನೇಯ್ಗೆಯ ಮೂಲ ಇಷ್ಟೇ. ಕ್ರೋಶೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ಎಳೆ, ಕುಣಿಕೆಯೊಳಗೆ ಕುಣಿಕೆ. ಇವೆರಡನ್ನೂ ಬಣ್ಣ ಹಾಕದ ನೂಲಿನಲ್ಲಿ ಮಾಡಿ ನೋಡೋಣ. ಬಣ್ಣ ಯಾಕೆ ಬೇಡ ಅಂದ್ರೆ, ಬಣ್ಣ ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಅದನ್ನು ತೆಗೆದರೆ ಬಟ್ಟೆಯ ರಚನೆಯೇ ವಿನ್ಯಾಸವಾಗುತ್ತದೆ.

ಬಣ್ಣ ಕೊಡೋದು ಕುರಿ

ನಮ್ಮ ಕರಿ ಕಂಬಳಿ ಇದಕ್ಕೆ ಒಳ್ಳೆಯ ಉದಾಹರಣೆ. ಉತ್ತರ ಮತ್ತು ಮಧ್ಯ ಕರ್ನಾಟಕದಲ್ಲಿ ಕುರುಬರು ಸಾಕುವ ಡೆಕ್ಕನಿ ಕುರಿಗಳಲ್ಲಿ ಕಪ್ಪು, ಕಂದು, ಬೂದು, ಬಿಳಿ ಉಣ್ಣೆ ಸಿಗುತ್ತದೆ. ನಮ್ಮ ಕೂದಲಿನಂತೆ ಇಲ್ಲೂ ಕಪ್ಪು ಕೊಡೋದು ಮೆಲನಿನ್. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿ, ಹಿಂಜಿ, ನೂಲು ತೆಗೀತಾರೆ. ಕಪ್ಪು ಬಿಳಿ ಬೆರೆಸಿ ಹಿಂಜಿದರೆ ಬೂದು. ಬೆರೆಸೋ ಪ್ರಮಾಣದ ಮೇಲೆ ಛಾಯೆ. ನೂಲೋದು ಹೆಚ್ಚಾಗಿ ಹೆಂಗಸರು, ಕುಣಿಮಗ್ಗದಲ್ಲಿ ನೇಯೋದು ಗಂಡಸರು.

ನೇಯುವ ಮುನ್ನ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಆ ಬೀಜದಲ್ಲಿರುವ ಕ್ಸೈಲೊಗ್ಲೂಕನ್ ಎಂಬ ಪಾಲಿಸ್ಯಾಕರೈಡ್ ಎಳೆಯ ಮೇಲೆ ಪೊರೆಯಾಗಿ ಕೂತು, ಎದ್ದ ನಾರುಗಳನ್ನು ಮಲಗಿಸುತ್ತದೆ. ಎಳೆ ಉಜ್ಜಿ ಹರಿಯೋದು ಕಡಿಮೆಯಾಗುತ್ತೆ. ಗಿರಣಿಗಳಲ್ಲಿ ‘ಸೈಜಿಂಗ್’ ಅನ್ನೋದೂ ಇದನ್ನೇ.

ರಟ್ಟಿನ ಮಗ್ಗ

ಗಟ್ಟಿ ರಟ್ಟಿನ ಮೇಲೂ ಕೆಳಗೂ ಅರ್ಧ ಸೆಂ.ಮೀ.ಗೊಂದರಂತೆ 20 ಕಚ್ಚು ಮಾಡಿ, ಬಿಳಿ ಹತ್ತಿ ದಾರ ಬಿಗಿದರೆ ಹಾಸು ಸಿದ್ಧ. ದಬ್ಬಣಕ್ಕೆ ಬೂದು ನೂಲು ಪೋಣಿಸಿ ಒಂದರ ಮೇಲೆ, ಒಂದರ ಕೆಳಗೆ ಹೋಗಿ. ಮುಂದಿನ ಸಾಲಿನಲ್ಲಿ ಅದಲು ಬದಲು. ಪ್ರತಿ ಸಾಲನ್ನೂ ಬಾಚಣಿಗೆಯಿಂದ ಕೆಳಕ್ಕೆ ತಳ್ಳಿ. ಇದು ಸಾದಾ ನೇಯ್ಗೆ.

5 ಸೆಂ.ಮೀ. ಆದ ಮೇಲೆ ಕ್ರಮ ಬದಲಿಸಿ: ಎರಡರ ಮೇಲೆ, ಎರಡರ ಕೆಳಗೆ. ಪ್ರತಿ ಸಾಲನ್ನೂ ಎಡಗಡೆಯಿಂದಲೇ ಲೆಕ್ಕ ಹಾಕಿ, ಒಂದೊಂದು ಎಳೆ ಬಲಕ್ಕೆ ಸರಿಸುತ್ತಾ ಹೋಗಿ. ಓರೆ ಗೆರೆಗಳು ತಾವಾಗಿ ಮೂಡುತ್ತವೆ. ಇದೇ ಟ್ವಿಲ್; ನಿಮ್ಮ ಜೀನ್ಸ್ ಕೂಡ ಇದೇ ಕುಟುಂಬದ್ದು.

ಕ್ರೋಶೆ ತುಂಡು

4 ಮಿ.ಮೀ. ಕೊಕ್ಕೆಕಡ್ಡಿ, ದಪ್ಪ ಹತ್ತಿ ನೂಲು ಸಾಕು. 21 ಚೈನ್ ಹಾಕಿ. ಕೊನೆಯದನ್ನು ಬಿಟ್ಟು ಹಿಂದಿನದಕ್ಕೆ ಕಡ್ಡಿ ತೂರಿಸಿ ನೂಲು ಎಳೆಯಿರಿ. ಕಡ್ಡಿಯ ಮೇಲೆ ಎರಡು ಕುಣಿಕೆ ಇರುತ್ತವೆ. ಇನ್ನೊಮ್ಮೆ ನೂಲು ಹಿಡಿದು ಎರಡರಿಂದಲೂ ಹೊರಗೆಳೆದರೆ ಒಂದು ಸಿಂಗಲ್ ಕ್ರೋಶೆ. ಹೀಗೆ 20 ಹಾಕಿ, ಒಂದು ಚೈನ್ ಎಳೆದು ತಿರುಗಿಸಿ. ಮುಂದಿನ ಸಾಲುಗಳಲ್ಲಿ ಕುಣಿಕೆಯ ಹಿಂದಿನ ಎಳೆಗೆ ಮಾತ್ರ ಕಡ್ಡಿ ತೂರಿಸಿದರೆ ಏರು ತಗ್ಗಿನ ಪಟ್ಟಿಗಳು ಬರುತ್ತವೆ. ಬಣ್ಣವಿಲ್ಲದಿದ್ದರೂ ನೆರಳೇ ಚಿತ್ರ ಬರೆಯುತ್ತೆ.

ಈಗ ಎಳೆದು ನೋಡಿ

ನೇಯ್ದ ತುಂಡನ್ನು ಉದ್ದಕ್ಕೆ ಎಳೆದರೆ ಜಗ್ಗೋದು ಕಡಿಮೆ, ಯಾಕಂದ್ರೆ ಭಾರ ನೇರವಾಗಿ ಎಳೆಯ ಮೇಲೇ ಬೀಳುತ್ತದೆ. ಮೂಲೆಯಿಂದ ಮೂಲೆಗೆ ಎಳೆಯಿರಿ: ಚೌಕ ವಜ್ರಾಕೃತಿಯಾಗುತ್ತೆ. ಅಂದರೆ ದಿಕ್ಕು ಬದಲಾದರೆ ಗುಣವೂ ಬದಲು. ಕ್ರೋಶೆಯಲ್ಲಿ ಎಳೆ ಹಿಗ್ಗುವ ಮೊದಲು ಕುಣಿಕೆಯ ಆಕಾರ ಬದಲಾಗುತ್ತದೆ, ಹಾಗಾಗಿ ಅದು ಜಗ್ಗುತ್ತೆ. ಹಾಸುವ ಚಾಪೆಗೆ ಯಾವುದು, ತಲೆಯ ಟೋಪಿಗೆ ಯಾವುದು ಅಂತ ಈಗ ನೀವೇ ಹೇಳಬಹುದು.

ಇನ್ನೊಂದು ವ್ಯತ್ಯಾಸವಿದೆ. ನೇಯ್ಗೆಗೆ ಪವರ್‌ಲೂಮ್ ಬಂತು. ಆದರೆ ‘ಕ್ರೋಶೆ ಮೆಷಿನ್’ ಎಂದು ಕರೆಸಿಕೊಳ್ಳುವ ಯಂತ್ರಗಳು ಮಾಡೋದು ಒಂದು ಬಗೆಯ ವಾರ್ಪ್ ನಿಟ್ಟಿಂಗ್. ನಿಜವಾದ ಕ್ರೋಶೆ ಬಟ್ಟೆ ತುಂಬ ಅಗ್ಗಕ್ಕೆ ಸಿಕ್ಕರೆ, ಯಾರದೋ ಕೈಗೆ ಕೂಲಿ ಕಡಿಮೆ ಬಿದ್ದಿದೆ ಅಂತಲೇ ಅನುಮಾನಪಡಬೇಕು.

ಕಂಬಳಿಯ ಕಷ್ಟ ಬೇರೆ. ಡೆಕ್ಕನಿ ಉಣ್ಣೆ ಒರಟು, ಮೈಗೆ ಚುಚ್ಚುತ್ತೆ; ಬೇಡಿಕೆ ಕುಸಿದಿದೆ. ಮಾಂಸಕ್ಕೆ ಬೆಲೆ ಹೆಚ್ಚು, ಹಾಗಾಗಿ ಉಣ್ಣೆ ಬಿಡದ ತಳಿಗಳ ಜೊತೆ ಮಿಶ್ರಣ ನಡೆಯುತ್ತಿದೆ. ಬಣ್ಣದ ಡಬ್ಬಿ ಖಾಲಿಯಾದರೆ ಇನ್ನೊಂದು ತರಬಹುದು. ಕರಿ ಕುರಿಯ ತಳಿ ಹೋದರೆ ಆ ಕಪ್ಪು ಮತ್ತೆ ಬರೋದಿಲ್ಲ. ಚುಚ್ಚುವ ಉಣ್ಣೆ ಅಂಗಿಗೆ ಬೇಡ, ಸರಿ. ಲ್ಯಾಪ್‌ಟಾಪ್ ಚೀಲಕ್ಕೆ, ನೆಲಹಾಸಿಗೆ, ಸದ್ದು ಹೀರುವ ಗೋಡೆ ಹಲಗೆಗೆ ಆಗಬಹುದಲ್ಲ? ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರೋರು ಇಲ್ಲಿಂದ ಶುರು ಮಾಡಬಹುದು.