ತೈಲ ಸೋರಿದ ನೆಲದ ಶುದ್ಧೀಕರಣ: ಸೂಕ್ಷ್ಮಜೀವಿಗಳ ಕೆಲಸ, ಉದ್ದಿಮೆಯ ಹೊಣೆ

ಡೀಸೆಲ್ ಜನರೇಟರ್, ಇಂಧನದ ತೊಟ್ಟಿ ಅಥವಾ ಯಂತ್ರ ದುರಸ್ತಿಯ ವ್ಯವಸ್ಥೆಯುಳ್ಳ ಘಟಕಗಳಲ್ಲಿ ಅಷ್ಟಿಷ್ಟು ತೈಲ ನೆಲಕ್ಕೆ ಸೇರುವುದು ಸಾಮಾನ್ಯ. ಸೋರಿದ ತೈಲದ ಬೆಲೆ ನಷ್ಟವಾಗಿ ಲೆಕ್ಕಕ್ಕೆ ಬರುತ್ತದೆ. ಕೆಟ್ಟ ಮಣ್ಣನ್ನು ಸರಿಪಡಿಸುವ ವೆಚ್ಚ ಮಾತ್ರ ಅನೇಕ ವೇಳೆ ಲೆಕ್ಕಪುಸ್ತಕದ ಹೊರಗೇ ಉಳಿಯುತ್ತದೆ. ಈ ವೆಚ್ಚವನ್ನು ಮಿತಗೊಳಿಸಬಲ್ಲ ವಿಧಾನಗಳಲ್ಲಿ ಜೈವಿಕ ಶುದ್ಧೀಕರಣವೂ ಒಂದು.

ಕಾರ್ಯವಿಧಾನ

ಸೂಡೊಮೊನಾಸ್ ಮುಂತಾದ ಮಣ್ಣಿನ ಬ್ಯಾಕ್ಟೀರಿಯಾಗಳು ತೈಲದ ಹೈಡ್ರೋಕಾರ್ಬನ್‌ಗಳನ್ನು ಆಹಾರವಾಗಿ ಬಳಸಿ, ಅಂತಿಮವಾಗಿ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸುತ್ತವೆ. ತೈಲದಲ್ಲಿ ಇಂಗಾಲ ಹೇರಳ. ಸಾರಜನಕ, ರಂಜಕಗಳ ಕೊರತೆ ಇರುತ್ತದೆ. ಆದುದರಿಂದ ಇಂಗಾಲ 100 ಭಾಗಕ್ಕೆ ಸಾರಜನಕ 10, ರಂಜಕ 1 ಎಂಬ ಸ್ಥೂಲ ಪ್ರಮಾಣದಲ್ಲಿ ಗೊಬ್ಬರ ಬೆರೆಸಿ, ತೇವ ಕಾಪಾಡಿ, ಗಾಳಿಯಾಡಲು ಮಣ್ಣನ್ನು ಆಗಾಗ ತಿರುವಲಾಗುತ್ತದೆ.

1989ರಲ್ಲಿ ಅಲಾಸ್ಕದ ಸಮುದ್ರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸೋರಿದಾಗ, ತೀರಕ್ಕೆ ಗೊಬ್ಬರ ಹಾಕಿ ಅಲ್ಲಿಯದೇ ಬ್ಯಾಕ್ಟೀರಿಯಾಗಳನ್ನು ಚುರುಕುಗೊಳಿಸಲಾಯಿತು. ಭಾರತದಲ್ಲಿ ಟೆರಿ ಸಂಸ್ಥೆಯು 'ಆಯಿಲ್‌ಝಾಪರ್' ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ರೂಪಿಸಿದೆ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಬೆರೆಸಿದ ಈ ಮಿಶ್ರಣವನ್ನು ತೈಲಕ್ಷೇತ್ರಗಳ ಕೆಸರಿನ ಮೇಲೆ ಬಳಸಲಾಗಿದೆ.

ಮಿತಿಗಳು

1. ಡೀಸೆಲ್‌ನ ಸರಳ ಅಂಶಗಳು ಬೇಗ ಕರಗುತ್ತವೆ. ಡಾಂಬರಿನಂಥ ಭಾರವಾದ ಅಂಶಗಳು ಬಹುಕಾಲ ಉಳಿಯುತ್ತವೆ.
2. ಬಳಸಿದ ಎಂಜಿನ್ ಆಯಿಲ್‌ನಲ್ಲಿರುವ ಸತು, ಸೀಸದಂಥ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ನಾಶಮಾಡಲಾರದು.
3. ಕೆಲಸಕ್ಕೆ ತಿಂಗಳುಗಟ್ಟಲೆ ಕಾಲ ಹಾಗೂ ತೆರವಾದ ಜಾಗ ಬೇಕು. ಆರಂಭದಲ್ಲಿಯೂ ಕೊನೆಯಲ್ಲಿಯೂ ಮಣ್ಣಿನ ಪರೀಕ್ಷೆ ಮಾಡಿಸದೆ ಫಲಿತಾಂಶ ಹೇಳಲಾಗದು.

ಕಾನೂನು ಮತ್ತು ಲೆಕ್ಕ

ಮಾಲಿನ್ಯ ಮಾಡಿದವನೇ ಅದರ ವೆಚ್ಚ ತೆರಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಎತ್ತಿಹಿಡಿಯಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ತೈಲವೂ ತೈಲಮಿಶ್ರಿತ ತ್ಯಾಜ್ಯವೂ ಸೇರಿವೆ. ಆದ್ದರಿಂದ ಅಂಥ ಮಣ್ಣನ್ನು ಅಗೆದು ರಸ್ತೆಬದಿಗೆ ಸುರಿಯುವುದು ಪರಿಹಾರವಲ್ಲ, ನಿಯಮಗಳ ಉಲ್ಲಂಘನೆ.

ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ಆಗಿಹೋದ ಸೋರಿಕೆಯಿಂದ ಶುದ್ಧೀಕರಣದ ಹೊಣೆ ಹುಟ್ಟಿದ್ದು, ಹಣ ತೆರಬೇಕಾಗಿ ಬರುವ ಸಂಭವ ಹೆಚ್ಚಾಗಿದ್ದು, ಮೊತ್ತವನ್ನು ಅಂದಾಜಿಸಬಹುದಾಗಿದ್ದರೆ, ಆ ವರ್ಷವೇ ಪ್ರಾವಿಷನ್ ಮಾಡತಕ್ಕದ್ದು. ಇದನ್ನು ಮಾಡದ ಸಂಸ್ಥೆಯ ಲಾಭ ಕಾಗದದ ಮೇಲೆ ಉಬ್ಬಿರುತ್ತದೆ. ಜಮೀನು ಮಾರುವಾಗ ಅಥವಾ ಅಡಮಾನವಿಡುವಾಗ ಅದರ ನಿಜಸ್ಥಿತಿ ಬಯಲಾಗುತ್ತದೆ.

ತೊಟ್ಟಿಯ ಸುತ್ತ ಕಾಂಕ್ರೀಟ್ ಕಟ್ಟೆ, ಪೀಪಾಯಿಯ ಕೆಳಗೆ ತಟ್ಟೆ, ಬಳಸಿದ ತೈಲಕ್ಕೆ ಪ್ರತ್ಯೇಕ ಡಬ್ಬಿ ಹಾಗೂ ಅಧಿಕೃತ ಮರುಬಳಕೆದಾರರಿಗೆ ಅದರ ವಿಲೇವಾರಿ, ಇವಿಷ್ಟು ಅಲ್ಪವೆಚ್ಚದ ಕ್ರಮಗಳು. ಬ್ಯಾಕ್ಟೀರಿಯಾಗಳ ನೆರವು ಇವುಗಳ ನಂತರದ್ದು, ಇವುಗಳಿಗೆ ಬದಲಿಯಲ್ಲ.