ನೆರೆಯ ಬೇರನ್ನು ಹಿಡಿಯುವ ಗಂಧದ ಮರ

ಹಕ್ಕಿಯು ಉದುರಿಸಿದ ಬೀಜದಿಂದ ಬೇಲಿಯ ಪೊದೆಯಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವು ಸೊಂಪಾಗಿ ಬೆಳೆಯುತ್ತದೆ. ಸುತ್ತಲಿನ ಕಳೆಯನ್ನೆಲ್ಲಾ ಕಿತ್ತು, ಗೊಬ್ಬರ ಹಾಕಿ, ನೀರೆರೆದು ಒಂಟಿಯಾಗಿ ಸಾಕಿದ ಸಸಿಯು ಹಳದಿಗೊಂಡು ಸೊರಗುತ್ತದೆ. ಇದಕ್ಕೆ ಕಾರಣವೇನು? ನಾನು ಹತ್ತು ಸಸಿಗಳನ್ನು ಹೀಗೆಯೇ ಬಹು ಅಕ್ಕರೆಯಿಂದ ಕೊಂದವನಾದ್ದರಿಂದ ಈ ಪಾಠವನ್ನು ಬರೆಯುತ್ತೇನೆ.

ಸಾಮಾನ್ಯವಾಗಿ ಗಿಡಮರಗಳು ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳುತ್ತವೆ. ಹೇಗಂದರೆ, ಎಲೆಯಲ್ಲಿರುವ ಹಸುರು ಪದಾರ್ಥವು ಬಿಸಿಲಿನ ಬಲದಿಂದ ನೀರನ್ನೂ ಗಾಳಿಯಲ್ಲಿರುವ ಇಂಗಾಲಾಮ್ಲವನ್ನೂ ಕೂಡಿಸಿ ಸಕ್ಕರೆಯನ್ನು ಉಂಟುಮಾಡುತ್ತದೆ. ಪ್ರಾಣಿಗಳಾದರೋ ಇತರ ಜೀವಿಗಳಿಂದ ಪೋಷಣೆ ಹೊಂದುತ್ತವೆ. ಆದರೆ ಈ ಎರಡು ದಾರಿಗಳನ್ನೂ ಹಿಡಿದಿರುವ ಸಸ್ಯಗಳುಂಟು. ಮಾವಿನ ಕೊಂಬೆಯ ಮೇಲಿರುವ ಬಂದಳಿಕೆಯನ್ನು ನೋಡಿರಿ. ಅದರ ಎಲೆಯು ಹಸುರೇ. ಆದರೂ ಅದು ಕೊಂಬೆಯೊಳಗೆ ಬೇರೂರಿ ಮಾವಿನಿಂದ ನೀರನ್ನು ಹೀರುತ್ತದೆ. ಇದು ಕಣ್ಣಿಗೆ ಕಾಣುವದರಿಂದ ಬಂದಳಿಕೆಯನ್ನು ಕಳ್ಳನೆಂದು ಬೈಯುತ್ತೇವೆ. ಗಂಧದ ಮರವು ಅದೇ ಕೆಲಸವನ್ನು ಮಣ್ಣಿನೊಳಗೆ ಮಾಡುವದರಿಂದ ಅದಕ್ಕೆ ಆ ಬೈಗುಳ ತಗಲಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಆ ರಾಜನು ನೆರೆಯವರಿಂದ ಕಂದಾಯ ಎತ್ತುವ ಸಂಗತಿಯನ್ನು 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞನು ಬರೆದು ತಿಳಿಸಿದನು.

ಗಂಧದ ಸಣ್ಣ ಬೇರುಗಳು ಮತ್ತೊಂದು ಗಿಡದ ಬೇರನ್ನು ಮುಟ್ಟಿದಲ್ಲಿ ಚಿಕ್ಕ ಗಂಟುಗಳು ಹುಟ್ಟುತ್ತವೆ. ಆ ಗಂಟು ನೆರೆಯ ಬೇರಿಗೆ ಅಂಟಿಕೊಂಡು, ಅದರ ಸಿಪ್ಪೆಯನ್ನು ತೂರಿ, ಒಳಗಿನ ನೀರನ್ನೂ ಅದರಲ್ಲಿ ಕರಗಿರುವ ಲವಣಗಳನ್ನೂ ಸೆಳೆದುಕೊಳ್ಳುತ್ತದೆ. ಹುಲ್ಲು ಮೊದಲುಗೊಂಡು ದೊಡ್ಡ ಮರಗಳ ವರೆಗೆ ನೂರಾರು ಜಾತಿಯ ಸಸ್ಯಗಳನ್ನು ಅದು ಹೀಗೆ ಹಿಡಿಯುತ್ತದೆ. ಎಳೆಯ ಸಸಿಯು ಮೊದಲಲ್ಲಿ ಬೀಜದೊಳಗಿನ ಬುತ್ತಿಯಿಂದ ಬದುಕುವದು. ಬುತ್ತಿ ತೀರಿದ ಮೇಲೆ ನೆರೆಯ ಗಿಡವಿಲ್ಲದಿದ್ದರೆ ಗೊಬ್ಬರದಿಂದ ಹೆಚ್ಚು ಪ್ರಯೋಜನವಿಲ್ಲ. ನಾನು ಶತ್ರುವೆಂದು ಕಿತ್ತೆಸೆದ ಕಳೆಯೇ ಅದರ ಆಧಾರವಾಗಿತ್ತು.

ಕರ್ನಾಟಕದಲ್ಲಿ ಹಿಂದೆ ಸ್ವಂತ ಹೊಲದ ಗಂಧವೂ ಸರಕಾರದ ಸೊತ್ತಾಗಿತ್ತು. 2001ರ ಕಾನೂನಿನ ತಿದ್ದುಪಡಿಯಿಂದ ಅದು ಬೆಳೆದವನಿಗೆ ಸೇರಿತು. ಆದಕಾರಣ ಸಾಲಮಾಡಿ ಸಸಿ ಕೊಳ್ಳುವವರೂ ಇದ್ದಾರೆ. ಅಂಥವರು ಕುಂಡದಲ್ಲಿಯೇ ಸಸಿಯ ಮಗ್ಗುಲಿಗೆ ತೊಗರಿಯನ್ನು ಬಿತ್ತಲಿ. ಅದು ನೆರಳು ಕವಿಯದಂತೆ ತುದಿಯನ್ನು ಚಿವುಟುತ್ತಿರಲಿ. ತೊಗರಿಯು ಕೆಲವೇ ವರುಷ ಬಾಳುವದು. ಗಂಧದ ಚೇಗು ಬಲಿಯುವದಕ್ಕೆ ಹಲವು ವರುಷಗಳು ಬೇಕು; ಆದುದರಿಂದ ಹೊಲದಲ್ಲಿ ಹೊಂಗೆ, ಸರ್ವೆ ಮುಂತಾದ ಬಾಳುವ ಮರವನ್ನು ಹತ್ತಿರ ನೆಡಬೇಕು.

ಈಗ ನನ್ನ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧವೊಂದು ಹೊಂಗೆಯ ಮಗ್ಗುಲಲ್ಲಿ ನಿಂತಿದೆ. ಬೇಲಿ ಸವರುವವನಿಗೆ, ಗಂಧವನ್ನಲ್ಲ, ಹೊಂಗೆಯನ್ನು ಮುಟ್ಟಬೇಡವೆಂದು ಹೇಳಿಟ್ಟಿದ್ದೇನೆ.